ಬೋರ್ ನೀರಿಗೆ ಒಗ್ಗುವ ಮನೆ ಶ್ಯಾಂಪೂ

ಗಡಸು ನೀರಿನ ತಕರಾರು

ಚಿತ್ರದುರ್ಗ ಜಿಲ್ಲೆಯಲ್ಲಿ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ಹಿರಿಯೂರು ಸೀಮೆಯಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಏಳದೆ ಬಕೆಟ್ ಅಂಚಿಗೆ ಬಿಳಿ ಜಿಡ್ಡು ಕಟ್ಟುವುದಕ್ಕೆ ಇದೇ ಕಾರಣ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದೊಂದಿಗೆ ಸೇರಿ ಕರಗದ ಗಸಿಯಾಗುತ್ತವೆ. ಅದು ಕೂದಲಿಗೂ ಅಂಟಿ ಒರಟಾಗಿಸುತ್ತದೆ. ಜೊತೆಗೆ ಸೋಪಿನ ಪಿಎಚ್ 9ರಿಂದ 10. ಚರ್ಮದ್ದು 5ರ ಆಸುಪಾಸು. ಹಾಗಾಗಿ ಈ ಭಾಗದಲ್ಲಿ ಮನೆ ಶ್ಯಾಂಪೂಗೆ ಸೋಪನ್ನು ಆಧಾರ ಮಾಡಿಕೊಳ್ಳಬಾರದು.

ನೊರೆ ಯಾವುದರಿಂದ?

ಸೀಗೆಕಾಯಿ, ಅಂಟುವಾಳದ ನೊರೆ ಬರುವುದು ಸಪೋನಿನ್‌ನಿಂದ. ಅದು ಗಡಸು ನೀರಲ್ಲಿ ಸೋಪಿನಂತೆ ಗಸಿ ಕಟ್ಟುವುದಿಲ್ಲ. ಬೀಜ ತೆಗೆದ ಸೀಗೆಕಾಯಿಯನ್ನು ಮೆಂತ್ಯದ ಜೊತೆ ಗರಿಗರಿಯಾಗಿ ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ತರಿ ಉಳಿದರೆ ಕೂದಲಿಂದ ಬಿಡಿಸುವುದೇ ಒಂದು ಕೆಲಸ. ಸೀಗೆ, ಅಂಟುವಾಳ ಎರಡೂ ಕಣ್ಣಿಗೆ ಕಡು ಉರಿ; ಮಕ್ಕಳಿಗೆ ಹಚ್ಚುವಾಗ ಜೋಪಾನ.

ದ್ರವರೂಪವೇ ಬೇಕೆಂದರೆ ಕೊಕೊ ಗ್ಲುಕೊಸೈಡ್ ಒಳ್ಳೆಯ ಆಯ್ಕೆ. ಹೊಸದುರ್ಗ, ಹೊಳಲ್ಕೆರೆಯ ತೋಟಗಳಲ್ಲಿ ಬೆಳೆಯುವ ತೆಂಗೇ ಇದರ ಒಂದು ಮೂಲ. ಕೊಬ್ಬರಿ ಎಣ್ಣೆಯಿಂದ ಬಂದ ಕೊಬ್ಬಿನ ಆಲ್ಕೊಹಾಲ್‌ಗೆ ಗ್ಲುಕೋಸ್ ಬೆಸೆದು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಚರ್ಮಕ್ಕೆ ಮೃದು, ಗಡಸು ನೀರಿಗೂ ಜಗ್ಗದು. ಆದರೆ ಡಬ್ಬಿಯಿಂದ ಬರುವಾಗ ಅದರ ಪಿಎಚ್ ಸಾಮಾನ್ಯವಾಗಿ 11ರ ಮೇಲಿರುತ್ತದೆ. ಸಿಟ್ರಿಕ್ ಆಮ್ಲ ಬೆರೆಸಿ ಇಳಿಸದೆ ತಲೆಗೆ ಹಾಕಲೇಬಾರದು.

ಕೆಡದಂತೆ ಇಡುವುದು

ಒಣ ಪುಡಿಗೆ ಸಂರಕ್ಷಕ ಬೇಡ. ನೀರು ಸೇರಿತೋ, ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಬಾಗಿಲು ತೆರೆದಂತೆ. ಅಲೋವೆರಾ ತಿರುಳು, ದಾಸವಾಳದ ಲೋಳೆ ಹಾಕಿದರಂತೂ ಅವಕ್ಕೆ ಹಬ್ಬ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ ಅಷ್ಟೆ, ಸೂಕ್ಷ್ಮಜೀವಿಗಳನ್ನಲ್ಲ. ಬೇವು, ಲವಂಗದೆಣ್ಣೆಯ ನಾಲ್ಕು ಹನಿಯನ್ನೂ ನಂಬಿ ಕೂರುವಂತಿಲ್ಲ. ಈ ತಪ್ಪು ನಂಬಿಕೆಯಿಂದ ಕೆಟ್ಟ ಶ್ಯಾಂಪೂ ಮಕ್ಕಳ ತಲೆ ಸೇರುವುದು ನನಗೆ ನಿಜಕ್ಕೂ ಆತಂಕದ ವಿಷಯ.

ಸುಲಭವಾಗಿ ಸಿಗುವ ಸಂರಕ್ಷಕ ಸೋಡಿಯಂ ಬೆಂಜೊಯೇಟ್. 100 ಗ್ರಾಂಗೆ ಅರ್ಧ ಗ್ರಾಂ ವಾಡಿಕೆಯ ಅಳತೆ. ಅದು ಕೆಲಸ ಮಾಡುವುದು ಆಮ್ಲರೂಪದಲ್ಲಿ ಮಾತ್ರ. ಪಿಎಚ್ 4.2ರಲ್ಲಿ ಅರ್ಧದಷ್ಟು ಆ ರೂಪದಲ್ಲಿದ್ದರೆ, 6ರಲ್ಲಿ ನೂರಕ್ಕೆ ಎರಡು ಪಾಲೂ ಇರದು. ಆದ್ದರಿಂದ ಶ್ಯಾಂಪೂವಿನ ಪಿಎಚ್ 5ಕ್ಕಿಂತ ಕೆಳಗಿರಬೇಕು. ಬೂಷ್ಟಿಗೆ ಪೊಟ್ಯಾಸಿಯಂ ಸಾರ್ಬೇಟ್ ಜೊತೆಯಾಗುತ್ತದೆ. ಫಿನಾಕ್ಸಿಎಥನಾಲ್ ಬಳಸುವುದಾದರೆ ನೂರಕ್ಕೆ ಒಂದು ಗ್ರಾಂ ಮೀರಕೂಡದು.

ಚಮಚದ ಅಳತೆ ಇಲ್ಲಿ ಸಾಲದು, ಚಿಕ್ಕ ಡಿಜಿಟಲ್ ತಕ್ಕಡಿ ಮತ್ತು ಪಿಎಚ್ ಪಟ್ಟಿ ಬೇಕು. ಕುದಿಸಿ ಆರಿಸಿದ ನೀರನ್ನೇ ಬಳಸಿ. ಸಂರಕ್ಷಕವಿಲ್ಲದ ಸೀಗೆ ಕಷಾಯವನ್ನು ಅಂದಂದೇ ಮುಗಿಸಿ. ವಾಸನೆ ತಿರುಗಿದರೆ ಅಥವಾ ನೂಲುಗಟ್ಟಿದರೆ ಚೆಲ್ಲಿಬಿಡಿ.