ಹೊಸ ಹಾರ್ಡ್ ಡಿಸ್ಕ್‌ಗೆ ದಾಖಲೆಗಳ ವರ್ಗಾವಣೆ: ಅರ್ಜಿದಾರರ ಗಮನಕ್ಕೆ

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿ ಮುಂತಾದ ದಾಖಲೆಗಳನ್ನು ಮನೆಯ ಗಣಕಯಂತ್ರದಲ್ಲಿ ಸಂಗ್ರಹಿಸಿಟ್ಟಿರುತ್ತಾರೆ. ಇವುಗಳನ್ನು ಹೊಸ ಹಾರ್ಡ್ ಡಿಸ್ಕ್‌ಗೆ ವರ್ಗಾಯಿಸುವಾಗ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕಡತಗಳು ನಷ್ಟವಾಗುವ ಸಂಭವವಿರುತ್ತದೆ: ಹೊಸ ಡಿಸ್ಕ್ ಎಂದು ಭಾವಿಸಿ ಹಳೆಯದನ್ನು ಫಾರ್ಮ್ಯಾಟ್ ಮಾಡಿದಾಗ ಮತ್ತು ಪ್ರತಿಗಳನ್ನು ಪರಿಶೀಲಿಸದೆ ಹಳೆಯದನ್ನು ಅಳಿಸಿದಾಗ. ಈ ಕೆಳಗಿನ ವಿವರಗಳು ವಿಂಡೋಸ್ ಬಳಕೆದಾರರಿಗೆ ಅನ್ವಯಿಸುತ್ತವೆ.

ಡಿಸ್ಕ್ ಗುರುತಿಸುವುದು ಮತ್ತು ಪಾರ್ಟಿಷನ್

ಹೊಸ ಡಿಸ್ಕ್ ಜೋಡಿಸಿದ ನಂತರ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದಲ್ಲಿ ಡಿಸ್ಕ್‌ಗಳು 0, 1 ಎಂಬ ಕ್ರಮಸಂಖ್ಯೆಯೊಂದಿಗೆ ಕಾಣುತ್ತವೆ. ಗಾತ್ರವನ್ನು ನೋಡಿ ಹೊಸದನ್ನು ಖಚಿತಪಡಿಸಿಕೊಳ್ಳತಕ್ಕದ್ದು. 1 ಟಿಬಿ ಡಿಸ್ಕ್ ಸುಮಾರು 931 ಜಿಬಿ ಎಂದು ಕಂಡುಬಂದರೆ ಅದು ದೋಷವಲ್ಲ. ತಯಾರಕರು 1000ರ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಈ ವ್ಯತ್ಯಾಸಕ್ಕೆ ಕಾರಣ. ಎರಡು ಡಿಸ್ಕ್‌ಗಳ ಗಾತ್ರವೂ ಒಂದೇ ಆಗಿದ್ದಲ್ಲಿ, ಹೊಸದನ್ನು ತೆಗೆದು ಮತ್ತೆ ಜೋಡಿಸಿ ಯಾವ ಸಾಲು ಮಾಯವಾಗುತ್ತದೆಂಬುದನ್ನು ನೋಡುವುದು ಉತ್ತಮ. ಒಳಗೆ ಅಳವಡಿಸಿದ ಡಿಸ್ಕ್ ಆಗಿದ್ದರೆ ಯಂತ್ರವನ್ನು ಆರಿಸಿದ ನಂತರವೇ ತೆಗೆಯತಕ್ಕದ್ದು.

ಎಂಬಿಆರ್ ಅಥವಾ ಜಿಪಿಟಿ ಎಂಬ ಆಯ್ಕೆ ಕೇಳಿದಲ್ಲಿ ಜಿಪಿಟಿ ಆರಿಸಬಹುದು. ಎಂಬಿಆರ್ ಪದ್ಧತಿಯಲ್ಲಿ ಸಾಮಾನ್ಯವಾಗಿ 2 ಟಿಬಿಗಿಂತ ಹೆಚ್ಚಿನ ಸ್ಥಳವನ್ನು ಬಳಸಲಾಗುವುದಿಲ್ಲ. ಪಾರ್ಟಿಷನ್‌ಗಳ ಸಂಖ್ಯೆ ಬಳಕೆದಾರರ ಅನುಕೂಲಕ್ಕೆ ಬಿಟ್ಟದ್ದು. ಆದರೆ ಡಿ ಡ್ರೈವ್‌ನಲ್ಲಿ ಮತ್ತೊಂದು ಪ್ರತಿ ಇದೆ, ಆದ್ದರಿಂದ ಚಿಂತೆಯಿಲ್ಲ ಎಂಬ ನಂಬಿಕೆ ಸರಿಯಲ್ಲ. ಸಿ ಮತ್ತು ಡಿ ಒಂದೇ ಡಿಸ್ಕ್‌ನ ಭಾಗಗಳಾಗಿದ್ದಲ್ಲಿ, ಡಿಸ್ಕ್ ಕೆಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಫಾರ್ಮ್ಯಾಟ್‌ಗೆ ಎನ್‌ಟಿಎಫ್‌ಎಸ್ ಸೂಕ್ತ. ಮ್ಯಾಕ್ ಗಣಕದಲ್ಲಿಯೂ ಬರೆಯಬೇಕಾದ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಆರಿಸಬಹುದು. ಫ್ಯಾಟ್32ರಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಕಡತವನ್ನು ಇಡಲಾಗದು.

ಕಡತಗಳ ವರ್ಗಾವಣೆ

‘ಕಟ್’ ಬದಲು ‘ಕಾಪಿ’ ಆಜ್ಞೆಯನ್ನೇ ಬಳಸತಕ್ಕದ್ದು. ಡಾಕ್ಯುಮೆಂಟ್ಸ್ ಮಾತ್ರವಲ್ಲದೆ ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಕಡತಕೋಶಗಳನ್ನೂ ನೋಡುವುದು ಅಗತ್ಯ. ಜಾಲತಾಣದಿಂದ ಪಡೆದ ಪ್ರಮಾಣಪತ್ರಗಳು ಹೆಚ್ಚಾಗಿ ಅಲ್ಲಿಯೇ ಉಳಿದಿರುತ್ತವೆ. ಹಳೆಯ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದಲ್ಲಿ ಮೊದಲು ಪ್ರಮುಖ ದಾಖಲೆಗಳನ್ನಷ್ಟೇ ನಕಲಿಸಿ, ಛಾಯಾಚಿತ್ರ ಹಾಗೂ ಚಲನಚಿತ್ರಗಳನ್ನು ನಂತರಕ್ಕೆ ಬಿಡುವುದು ಲೇಸು.

ನಕಲು ಮುಗಿದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ‘ಪ್ರಾಪರ್ಟೀಸ್’ನಲ್ಲಿ ಹೋಲಿಸಿ, ಅರ್ಜಿಗೆ ಬೇಕಾಗುವ ಪ್ರತಿಯೊಂದು ದಾಖಲೆಯನ್ನು ಹೊಸ ಡಿಸ್ಕ್‌ನಿಂದಲೇ ತೆರೆದು ನೋಡತಕ್ಕದ್ದು. ಡಿಜಿಟಲ್ ಸಹಿಯುಳ್ಳ ಪಿಡಿಎಫ್ ಕಡತವನ್ನು ಯಥಾವತ್ತಾಗಿ ಉಳಿಸಿಕೊಳ್ಳಬೇಕು. ಅದನ್ನು ಮುದ್ರಿಸಿ ಪುನಃ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಸಹಿಯ ಚಿತ್ರ ಮಾತ್ರ ಉಳಿಯುತ್ತದೆಯೇ ಹೊರತು ಗಣಕದಲ್ಲಿ ಪರಿಶೀಲಿಸಬಹುದಾದ ಸಹಿ ಉಳಿಯುವುದಿಲ್ಲ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಮನವಿಗಳು ಹೊಸ ಗಣಕದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣಬಹುದು. ಕಡತ ಕೆಟ್ಟಿದೆಯೆಂದು ಅಳಿಸಬಾರದು. ಸಂಬಂಧಿತ ಅಕ್ಷರಶೈಲಿಯನ್ನು ಅಳವಡಿಸಿದಲ್ಲಿ ಕನ್ನಡ ಮತ್ತೆ ಕಾಣುತ್ತದೆ.

ಹಳೆಯ ಡಿಸ್ಕ್

ಸಲ್ಲಿಸಿದ ಅರ್ಜಿಗಳು ಇತ್ಯರ್ಥವಾಗುವವರೆಗೆ ಹಳೆಯ ಡಿಸ್ಕನ್ನು ಅಳಿಸದೆ ಇಟ್ಟುಕೊಳ್ಳುವುದು ಸೂಕ್ತ. ಮಾರುವ ಅಥವಾ ಗುಜರಿಗೆ ಕೊಡುವ ಮುನ್ನ ‘ಕ್ವಿಕ್ ಫಾರ್ಮ್ಯಾಟ್’ ಸಾಲದು. ಅದರಿಂದ ಕಡತಗಳ ಪಟ್ಟಿ ಮಾತ್ರ ಅಳಿಯುವುದರಿಂದ ಆಧಾರ್ ಹಾಗೂ ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಇತರರು ಮರಳಿ ಪಡೆಯಬಹುದು. ಕ್ವಿಕ್ ಆಯ್ಕೆಯ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದಲ್ಲಿ, ವಿಂಡೋಸ್ ವಿಸ್ಟಾ ಮತ್ತು ನಂತರದ ಆವೃತ್ತಿಗಳು ಆ ಪಾರ್ಟಿಷನ್‌ನ ತುಂಬ ಸೊನ್ನೆಗಳನ್ನು ಬರೆಯುತ್ತವೆ. ದೊಡ್ಡ ಡಿಸ್ಕ್‌ಗೆ ಇದು ಹಲವು ಗಂಟೆ ಹಿಡಿಯುತ್ತದೆ. ಡಿಸ್ಕ್‌ನಲ್ಲಿರುವ ಪ್ರತಿಯೊಂದು ಪಾರ್ಟಿಷನ್‌ಗೂ ಇದನ್ನು ಪ್ರತ್ಯೇಕವಾಗಿ ಮಾಡತಕ್ಕದ್ದು.