ತಾಯಿಬೇರು

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ಹಿರಿಯರು ಹೇಳುತ್ತಿದ್ದರು. ಕೆಲವರು ಆ ಪಟ್ಟಿಗೆ ಸ್ತ್ರೀಮೂಲವನ್ನೂ ಸೇರಿಸುತ್ತಿದ್ದರು. ಹುಡುಕಹೊರಟರೂ ಸಿಗುವಂತೆ ಅದನ್ನು ಬರೆದಿಟ್ಟವರಾದರೂ ಯಾರು? ನಮ್ಮ ಮನೆಯ ವಂಶವೃಕ್ಷದಲ್ಲಿ ಒಂಬತ್ತು ತಲೆಮಾರಿನ ಗಂಡಸರ ಹೆಸರುಗಳಿವೆ. ಅವರನ್ನು ಹೆತ್ತವರ ಹೆಸರು ಮೂರನೆಯ ತಲೆಮಾರಿಗೇ ನಿಂತುಹೋಗುತ್ತದೆ. ಅದೂ ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಬರೆಸಿದ ಹೊಸ ಹೆಸರು!

ಕಾಗದದಲ್ಲಿ ಕಳೆದುಹೋದ ಈ ತಾಯಿಯ ಸಾಲು ನಮ್ಮ ಮೈಯಲ್ಲಿ ಉಳಿದೇ ಇದೆ ಎಂಬುದು ನನಗೆ ಮನದಟ್ಟಾದದ್ದು ಇಂಗ್ಲೆಂಡಿನ ರಾಜನೊಬ್ಬನ ಕಥೆಯಿಂದ.

ಮೂರನೆಯ ರಿಚರ್ಡ್ 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ಸತ್ತ. ಅವನನ್ನು ಲೆಸ್ಟರ್ ಪಟ್ಟಣದ ಮಠವೊಂದರಲ್ಲಿ ಹೂಳಿದರು. ಕಾಲಾಂತರದಲ್ಲಿ ಮಠವೂ ಹೋಯಿತು, ಗೋರಿಯ ಗುರುತೂ ಅಳಿಯಿತು. 2012ರಲ್ಲಿ ಅಲ್ಲಿ ಕಾರು ನಿಲ್ಲಿಸುವ ಜಾಗವನ್ನು ಅಗೆದಾಗ ಬೆನ್ನೆಲುಬು ಡೊಂಕಾದ ಅಸ್ಥಿಪಂಜರವೊಂದು ಸಿಕ್ಕಿತು. ಅದು ರಾಜನದೇ ಎಂದು ಹೇಳುವುದು ಹೇಗೆ?

ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಪುಟ್ಟ ಅಂಗಗಳಿವೆ. ಅವಕ್ಕೆ 16,569 ಅಕ್ಷರಗಳ ತಮ್ಮದೇ ಡಿಎನ್‌ಎ ಇದೆ. ತಾಯಿ ಅದನ್ನು ಮಗನಿಗೂ ಕೊಡುತ್ತಾಳೆ, ಮಗಳಿಗೂ ಕೊಡುತ್ತಾಳೆ. ಮುಂದಿನ ತಲೆಮಾರಿಗೆ ದಾಟಿಸುವವಳು ಮಾತ್ರ ಮಗಳೇ. ಹಾಗಾಗಿ ರಿಚರ್ಡನ ಅಕ್ಕ ಆನ್‌ಳ ಮಗಳು, ಮಗಳ ಮಗಳು ಎಂದು ಐನೂರಕ್ಕೂ ಹೆಚ್ಚು ವರ್ಷಗಳ ಸಾಲನ್ನು ಹುಡುಕಿದರು. ಈಗ ಬದುಕಿರುವ ಇಬ್ಬರು ಸಿಕ್ಕರು. ಒಬ್ಬರ ಡಿಎನ್‌ಎ ರಾಜನದರೊಂದಿಗೆ ಪೂರ್ತಿ ಹೊಂದಿತು. ಇನ್ನೊಬ್ಬರದರಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಟೂರಿ ಕಿಂಗ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 2014ರಲ್ಲಿ ಇದನ್ನು ಪ್ರಕಟಿಸಿದರು.

ಇನ್ನೊಂದು ಸಂಗತಿ ಕೇಳಿ. ತಂದೆಯಿಂದ ಮಗನಿಗೆ ಮಾತ್ರ ಹೋಗುವುದು ವೈ ವರ್ಣತಂತು. ದಾಖಲೆಗಳ ಪ್ರಕಾರ ರಿಚರ್ಡನ ಗಂಡುಸಾಲಿನ ದಾಯಾದಿಗಳಾದ ಐವರನ್ನು ಪರೀಕ್ಷಿಸಿದರೆ, ಒಬ್ಬರದೂ ಅವನಿಗೆ ಹೊಂದಲಿಲ್ಲ! ಅಚ್ಚುಕಟ್ಟಾಗಿ ಬರೆದಿಟ್ಟ ಸಾಲು ಎಲ್ಲೋ ಕಡಿದಿತ್ತು. ಯಾರೂ ಲೆಕ್ಕಕ್ಕಿಡದ ಸಾಲು ಉಳಿದಿತ್ತು.

ಇದನ್ನು ಓದಿ ನಗುವ ಮುನ್ನ ಸ್ವಲ್ಪ ಯೋಚಿಸಬೇಕು. ನಮ್ಮ ಮನೆಯಲ್ಲೇ ಇಂಥದ್ದು ಹೊರಬಿದ್ದರೆ ಮೊದಲು ಬೆರಳು ತೋರಿಸುವುದು ಎಂದೋ ಸತ್ತ ಒಬ್ಬ ಹೆಂಗಸಿನ ಕಡೆಗೆ. ಅದು ಯಾರಿಗೂ ಹೇಳದ ದತ್ತು ಇರಬಹುದು, ಅವಳ ಮೇಲಾದ ಬಲಾತ್ಕಾರವೂ ಇರಬಹುದು. ಉತ್ತರ ಹೇಳಲು ಅವಳಿಲ್ಲ. ತೀರ್ಪು ಕೊಡುವ ಹಕ್ಕು ಪರೀಕ್ಷೆ ಮಾಡಿಸಿದವರಿಗೆ ಬರುವುದಿಲ್ಲ.

ಆದ್ದರಿಂದ ಪರೀಕ್ಷೆಗೆ ಮೊದಲು ಮನೆಯವರೊಡನೆ ಮಾತಾಡಿಕೊಳ್ಳಬೇಕು. ಕೊಡುವುದು ಒಂದಿಷ್ಟು ಎಂಜಲಾದರೂ ಅದರಲ್ಲಿ ಅಕ್ಕತಂಗಿಯರ, ಮಕ್ಕಳ ಗುಟ್ಟೂ ಇರುತ್ತದೆ. ಅಮೆರಿಕದ 23ಆಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು. 2025ರಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಮಾಡಿಸುವುದೇ ಆದರೆ ಮನೆಯ ಅತ್ಯಂತ ಹಿರಿಯರಿಂದ, ಅವರು ಒಪ್ಪಿದರೆ, ಶುರುಮಾಡುವುದು ಒಳ್ಳೆಯದು. ಮೇಲೆ ಹೇಳಿದ ಎರಡಲ್ಲದೆ, ತಂದೆತಾಯಿ ಇಬ್ಬರ ಕಡೆಯನ್ನೂ ತೋರಿಸುವ ಮೂರನೆಯ ಪರೀಕ್ಷೆಯೊಂದಿದೆ. ಅದರಲ್ಲಿ ತಾಯಿಯ ಪಾಲು ಅರ್ಧ, ಅಜ್ಜಿಯದು ಸುಮಾರು ಕಾಲು, ಮುತ್ತಜ್ಜಿಯದು ಸುಮಾರು ಶೇಕಡಾ 12.5. ಐದಾರು ತಲೆಮಾರಿನಾಚೆ ಗುರುತು ಮಸುಕಾಗುತ್ತದೆ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಕೊಟ್ಟು ತಂದ ಮನೆತನಗಳಲ್ಲಂತೂ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ಹೋಲಿಸಿ ನೋಡುವ ಸಂಗ್ರಹಗಳಲ್ಲಿ ಯುರೋಪ್ ಮೂಲದವರೇ ಹೆಚ್ಚಾದ್ದರಿಂದ ನಮಗೆ ನೆಂಟರು ಸಿಗುವುದೂ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪರೀಕ್ಷೆಯೂ ಹೆಸರು ಹೇಳುವುದಿಲ್ಲ. ರಿಚರ್ಡನ ಅಕ್ಕನ ಸಾಲು ಸಿಕ್ಕಿದ್ದು ಹೆಣ್ಣುಮಕ್ಕಳ ಹೆಸರುಗಳು ಎಲ್ಲೆಲ್ಲೋ ಬರಹದಲ್ಲಿ ಉಳಿದಿದ್ದರಿಂದ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ ತಾಯಿಯಿಂದಲೇ ಬರುವುದರಿಂದ ಅಲ್ಲಿನವರಿಗೆ ಈ ಕೆಲಸ ಸ್ವಲ್ಪ ಸುಲಭ. ಉಳಿದವರು ಬರುವ ಗೌರಿಹಬ್ಬಕ್ಕೆ ತವರಿಗೆ ಹೋಗುವಾಗ ಒಂದು ನೋಟ್‌ಬುಕ್ ಜೊತೆಗೆ ಒಯ್ಯಿರಿ. ಅಮ್ಮನ ಅಮ್ಮ, ಅವಳ ಅಮ್ಮ ಯಾರು, ಯಾವ ಊರಿನವಳು, ಮದುವೆಗೆ ಮೊದಲು ಅವಳನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಎಂಜಲು ಕೊಡುವುದು ಆಮೇಲಿನ ಮಾತು.