ಕೊಡಗಿನ ಜೇನುಸಾಕಣೆ: ಕಾಡಿಗೂ ಮನೆಗೂ ನಡುವಣ ಒಂದು ಉದ್ಯಮದ ಇತಿಹಾಸ

ಕೊಡಗಿನ ಇತಿಹಾಸವೆಂದೊಡನೆ ನಮ್ಮ ಗಮನವು ಸಾಮಾನ್ಯವಾಗಿ ಎರಡು ವಿಷಯಗಳ ಕಡೆಗೆ ಹರಿಯುತ್ತದೆ. ಒಂದು, ಹಾಲೇರಿ ಅರಸರ ಆಳ್ವಿಕೆಯೂ 1834ರಲ್ಲಿ ಆ ರಾಜ್ಯವು ಇಂಗ್ಲಿಷರ ವಶವಾದುದೂ. ಇನ್ನೊಂದು, 1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ತೋಟವು ಏರ್ಪಟ್ಟಂದಿನಿಂದ ಹಬ್ಬಿದ ಕಾಫಿಯ ಬೇಸಾಯ. ಅರಸುಮನೆತನಕ್ಕೆ ಶಾಸನಗಳೂ ಕಾಗದಪತ್ರಗಳೂ ಇವೆ. ಕಾಫಿಗೆ ಸರ್ಕಾರದ ವರದಿಗಳಿವೆ. ಆದರೆ ತೋಟದ ಅಂಚಿನಲ್ಲಿ, ಮನೆಯ ಹಿತ್ತಿಲಿನಲ್ಲಿ, ಮನೆಮಂದಿಯೇ ಕೂಡಿ ನಡೆಸಿಕೊಂಡು ಬಂದ ಚಿಕ್ಕ ಉದ್ಯಮಗಳ ಕಥೆಯನ್ನು ಬರೆದವರು ವಿರಳ. ಅಂತಹ ಉದ್ಯಮಗಳಲ್ಲಿ ಜೇನುಸಾಕಣೆಯು ಒಂದು. ಕಾಡುಪ್ರಾಣಿಗಳ ನೆರೆಯಲ್ಲಿ ಬಾಳುವ ಗ್ರಾಮಕುಟುಂಬವು ತನ್ನ ಜೀವನೋಪಾಯಕ್ಕಾಗಿ ಕಾಡಿನೊಡನೆ ಯಾವ ಬಗೆಯ ಒಪ್ಪಂದವನ್ನು ಮಾಡಿಕೊಂಡಿತು, ಆ ಒಪ್ಪಂದವು ಎಲ್ಲಿ ಸಡಿಲಿತು ಎಂಬುದನ್ನು ಈ ಒಂದು ಉದ್ಯಮದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಜೇನಿನ ಸ್ವಭಾವವನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಅಗತ್ಯ. ನಮ್ಮ ನಾಡಿನಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಂದು ನಾಲ್ಕು ಬಗೆಯವು ಮುಖ್ಯವಾಗಿ ಕಂಡುಬರುತ್ತವೆ. ಹೆಜ್ಜೇನು ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಬಯಲಿನಲ್ಲಿ ಒಂದೇ ಒಂದು ದೊಡ್ಡ ಎರಿಯನ್ನು ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲಾಗದು. ತುಡುವೆಯಾದರೋ ಮರದ ಪೊಟರೆ, ಹುತ್ತ, ಗೋಡೆಯ ಬಿರುಕು ಮೊದಲಾದ ಕತ್ತಲೆಯ ಎಡೆಗಳಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವುದರಿಂದ ಮನುಷ್ಯನು ಒಡ್ಡುವ ಪೆಟ್ಟಿಗೆಯನ್ನೂ ಒಪ್ಪಿಕೊಳ್ಳುತ್ತದೆ. ಇಷ್ಟರಿಂದಲೇ ಅದು ಸಾಕುಪ್ರಾಣಿಯಾಯಿತೆಂದು ತಿಳಿಯಲಾಗದು. ದನ, ನಾಯಿ, ಕೋಳಿಗಳು ಸಾವಿರಾರು ವರ್ಷಗಳ ಕಾಲ ಮನುಷ್ಯನ ಕೈಯಲ್ಲಿ ಬೆಳೆದು ಮಾರ್ಪಟ್ಟವು. ತುಡುವೆಯು ಪೆಟ್ಟಿಗೆಯಲ್ಲಿದ್ದರೂ ಕಾಡಿನ ಜೀವಿಯಾಗಿಯೇ ಉಳಿದಿದೆ. ಮೇವು ಕಡಿಮೆಯಾದರೆ, ಇರುವೆಯೋ ಮೇಣದ ಪತಂಗವೋ ಕಾಡಿದರೆ, ಇಡೀ ಕುಟುಂಬವು ಒಂದು ದಿನ ಗೂಡನ್ನು ತೊರೆದು ಹೊರಟುಬಿಡುತ್ತದೆ. ಅದನ್ನು ತಡೆಯುವ ಹಗ್ಗವಾಗಲಿ ಗೂಟವಾಗಲಿ ಇಲ್ಲ. ಎಂದರೆ, ಈ ಉದ್ಯಮದ ಮೂಲಧನವು ಕಾಡಿನಿಂದ ಕಡ ತಂದುದು. ಇದರ ಏಳುಬೀಳುಗಳೆಲ್ಲ ಈ ಒಂದು ಸಂಗತಿಯನ್ನೇ ಅವಲಂಬಿಸಿವೆಯೆಂಬುದು ನಮ್ಮ ಅಭಿಪ್ರಾಯ.

ಪೆಟ್ಟಿಗೆಯು ಬರುವುದಕ್ಕೆ ಮುಂಚೆ ಜೇನು ಕಾಡಿನ ಉತ್ಪನ್ನವಾಗಿತ್ತು. ಕೊಡಗು ಮತ್ತು ಹೆಗ್ಗಡದೇವನಕೋಟೆಯ ಅರಣ್ಯಗಳಲ್ಲಿ ನೆಲಸಿದ ಜೇನುಕುರುಬರು ತಮ್ಮ ಹೆಸರಿನಲ್ಲಿಯೇ ಈ ಕಸುಬನ್ನು ಹೊತ್ತಿದ್ದಾರೆ. ರಾತ್ರಿಯ ಹೊತ್ತು ಹೊಗೆ ಹಾಕಿ, ಎತ್ತರದ ಮರವನ್ನೇರಿ ಹೆಜ್ಜೇನನ್ನು ಇಳಿಸುವ ವಿದ್ಯೆಯು ಅವರಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದುದು. ಗ್ರಾಮಗಳ ಜನರಾದರೋ ಮಣ್ಣಿನ ಮಡಕೆಯನ್ನೋ ಟೊಳ್ಳು ಮರದ ತುಂಡನ್ನೋ ಒಳಗೆ ಮೇಣ ಸವರಿ ಇಟ್ಟು, ಪಾಲಾಗಿ ಬಂದ ತುಡುವೆಯು ಅದರಲ್ಲಿ ನೆಲಸುವುದನ್ನು ಕಾಯುತ್ತಿದ್ದರು. ಎರಿಯನ್ನು ಹಿಂಡಿಯೇ ಜೇನನ್ನು ತೆಗೆಯಬೇಕಾದುದರಿಂದ ಮರಿಗಳು ನಾಶವಾಗುತ್ತಿದ್ದವು. ಕುಟುಂಬವು ಮತ್ತೆ ಅಲ್ಲಿ ನಿಲ್ಲುವ ಭರವಸೆಯಿರಲಿಲ್ಲ.

ಕಾಡಿನ ಜೇನನ್ನು ಸರ್ಕಾರವು ಯಾವ ದೃಷ್ಟಿಯಿಂದ ಕಂಡಿತೆಂಬುದಕ್ಕೆ 1927ರ ಭಾರತೀಯ ಅರಣ್ಯ ಕಾಯಿದೆಯು ಒಳ್ಳೆಯ ಸಾಕ್ಷಿ. ಅರಣ್ಯದ ಉತ್ಪನ್ನವೆಂದರೇನೆಂದು ವಿವರಿಸುವಲ್ಲಿ ಆ ಕಾಯಿದೆಯು ಕಾಡುಮೃಗಗಳು, ಅವುಗಳ ಚರ್ಮ, ದಂತ, ಕೊಂಬು, ಎಲುಬುಗಳು, ರೇಷ್ಮೆಯ ಗೂಡು ಇವುಗಳ ಸಾಲಿನಲ್ಲಿಯೇ ಜೇನನ್ನೂ ಮೇಣವನ್ನೂ ಎಣಿಸಿದೆ. ಆನೆಯ ದಂತವೂ ಜೇನಿನ ಹನಿಯೂ ಕಾನೂನಿನ ಒಂದೇ ಪಂಕ್ತಿಯಲ್ಲಿ ಕುಳಿತವು. ಮರದ ಪೊಟರೆಯಿಂದ ತೆಗೆದ ಜೇನಿಗೆ ಅರಣ್ಯಾಧಿಕಾರಿಯ ಅಪ್ಪಣೆ ಬೇಕಾಗುತ್ತಿತ್ತು. ಅದೇ ಜಾತಿಯ ನೊಣವು ಹಿತ್ತಿಲ ಪೆಟ್ಟಿಗೆಯಲ್ಲಿ ಕೂಡಿಸಿದ ಜೇನು ಮನೆಯವರ ಸ್ವತ್ತಾಗುತ್ತಿತ್ತು. ಪೆಟ್ಟಿಗೆಯು ತಂದ ಬದಲಾವಣೆಯು ಕೇವಲ ಕೌಶಲಕ್ಕೆ ಸಂಬಂಧಿಸಿದುದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸ್ವಾಮ್ಯದ ಗೆರೆಯೇ ಇಲ್ಲಿ ಸರಿಯಿತು.

ಈ ಪೆಟ್ಟಿಗೆಯ ಮೂಲವು ದೂರದ ಅಮೆರಿಕೆಯಲ್ಲಿದೆ. ಎರಿಗಳ ನಡುವೆ ನೊಣವು ಓಡಾಡುವಷ್ಟೇ ತೆರಪನ್ನು ಬಿಟ್ಟರೆ ಅದು ಅಲ್ಲಿ ಮೇಣವನ್ನು ಕಟ್ಟುವುದಿಲ್ಲವೆಂಬ ತತ್ತ್ವವನ್ನು ಬಳಸಿ, ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು 1851ರಲ್ಲಿ ಬಿಡಿಬಿಡಿಯಾಗಿ ಎತ್ತಬಹುದಾದ ಚೌಕಟ್ಟುಗಳ ಗೂಡನ್ನು ರೂಪಿಸಿದನು. ಆ ಗೂಡು ಪಾಶ್ಚಾತ್ಯ ನೊಣದ ಗಾತ್ರಕ್ಕೆ ತಕ್ಕುದು. ನಮ್ಮ ಚಿಕ್ಕ ತುಡುವೆಗೆ ಹೊಂದುವಂತೆ ಅದನ್ನು ಕಿರಿದುಮಾಡಿ, ದಕ್ಷಿಣ ಭಾರತದ ಗ್ರಾಮಸ್ಥರಿಗೆ ಅದರ ಬಳಕೆಯನ್ನು ಕಲಿಸಿದವರು ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ನರು. ಇದು 20ನೆಯ ಶತಮಾನದ ಎರಡನೆಯ ದಶಕದ ಮಾತು. ಇನ್ನು ಎರಿಯನ್ನು ಹಿಂಡಬೇಕಾಗಿರಲಿಲ್ಲ. ಚೌಕಟ್ಟನ್ನು ಯಂತ್ರದಲ್ಲಿಟ್ಟು ತಿರುಗಿಸಿ ಜೇನನ್ನು ಹೊರಡಿಸಿ, ಬರಿದಾದ ಎರಿಯನ್ನು ಮರಳಿ ನೊಣಗಳಿಗೇ ಒಪ್ಪಿಸಬಹುದಾಯಿತು. 1928ರಲ್ಲಿ ವರದಿಯನ್ನು ಒಪ್ಪಿಸಿದ ಕೃಷಿ ರಾಯಲ್ ಆಯೋಗವು ರೈತರ ಬಿಡುವಿನ ಕಾಲಕ್ಕೆ ಒದಗುವ ಉಪಕಸುಬುಗಳ ಪ್ರಶ್ನೆಯನ್ನು ಎತ್ತಿದಾಗ ಜೇನುಸಾಕಣೆಗೆ ಅನುಕೂಲವಾದ ವಾತಾವರಣವು ಹೀಗೆ ಸಿದ್ಧವಾಗಿತ್ತು.

ಕೊಡಗಿನಲ್ಲಿ ಈ ಉದ್ಯಮವು ಬೇರೂರಿದುದು 1930ರ ದಶಕದಲ್ಲಿ. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು ಆ ದಶಕದಲ್ಲಿಯೇ ಹುಟ್ಟಿಕೊಂಡಿತು. ಕೊಡಗಿನ ಜೇನೆಂಬ ಹೆಸರು ನಾಡಿನಾಚೆಗೂ ಹಬ್ಬಿತು. ಇತರ ಪ್ರಾಂತ್ಯಗಳಲ್ಲಿ ಹಲವೆಡೆ ಪ್ರಯೋಗವಾಗಿಯೇ ಉಳಿದ ಕಸುಬು ಇಲ್ಲಿ ಮನೆಮನೆಯ ಉದ್ಯಮವಾದುದಕ್ಕೆ ಕಾರಣಗಳೇನು? ಮೂರನ್ನು ನಾವು ಮುಖ್ಯವಾಗಿ ಗುರುತಿಸಬಹುದು.

ಮೊದಲನೆಯದು ಮರಗಳು. ಕೊಡಗಿನ ಜಮ್ಮಾ ಹಿಡುವಳಿಯಲ್ಲಿ ಗದ್ದೆಗೆ ಹೊಂದಿಕೊಂಡಂತೆ ಬಾಣೆಯೆಂಬ ಕಾಡುಜಮೀನು ಇರುತ್ತದೆ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಮನೆಗೆ ಸೌದೆ ಮತ್ತು ಮರಮುಟ್ಟು ಒದಗಲೆಂದು ಬಿಟ್ಟ ನೆಲವದು. ಬಾಣೆಯಲ್ಲಿಯೂ ಕಾಫಿಯ ನೆರಳಿಗಾಗಿ ಉಳಿಸಿದ ತೋಟದಲ್ಲಿಯೂ ನೇರಳೆ, ನಂದಿ, ಹೊನ್ನೆ, ಮತ್ತಿ ಮುಂತಾದ ಕಾಡುಮರಗಳು ಒಂದರ ಹಿಂದೊಂದು ಹೂ ಬಿಡುತ್ತಿದ್ದವು. ಬೇಸಗೆಯ ಮೊದಲ ಮಳೆಗೆ ಕಾಫಿಯೂ ಅರಳುತ್ತಿತ್ತು. ಎರಡನೆಯದು ಮನೆಯ ದುಡಿಮೆ. ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದು ನೋಡುವುದು, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು, ಮುಂಗಾರಿನಲ್ಲಿ ಹೂವಿಲ್ಲದಾಗ ಸಕ್ಕರೆಯ ಪಾಕವನ್ನಿಡುವುದು ಇವು ಕೂಲಿಯಾಳನ್ನು ಬೇಡದ, ಆದರೆ ಎಚ್ಚರವನ್ನು ಬೇಡುವ ಕೆಲಸಗಳು. ಹೆಂಗಸರೂ ಮಕ್ಕಳೂ ಮುದುಕರೂ ಮಾಡಬಲ್ಲಂಥವು. ಅಲ್ಲದೆ ನೊಣವು ಜಮೀನಿನ ಎಲ್ಲೆಕಲ್ಲುಗಳನ್ನು ಅರಿಯದು. ನೂರು ಎಕರೆಯ ತೋಟದ ಹೂವಿನಿಂದ ಒಂದು ಗೇಣು ನೆಲವೂ ಇಲ್ಲದವನ ಪೆಟ್ಟಿಗೆ ತುಂಬಬಹುದು. ಭೂಮಿಯ ಒಡೆತನವನ್ನು ಕೇಳದ ಬೇಸಾಯವೆಂದು ಇದನ್ನು ಕರೆದರೆ ತಪ್ಪಾಗಲಾರದು. ಮೂರನೆಯದು ಸಹಕಾರ ಸಂಘ. ಒಂದು ತುಡುವೆ ಪೆಟ್ಟಿಗೆಯಿಂದ ವರ್ಷಕ್ಕೆ ದೊರೆಯುವುದು ಕೆಲವೇ ಕಿಲೋಗ್ರಾಂ ಜೇನು; ಅಷ್ಟನ್ನು ಹಿಡಿದು ಪೇಟೆಗೆ ಹೋದ ಕುಟುಂಬವು ವ್ಯಾಪಾರಿಯು ಹೇಳಿದ ಬೆಲೆಗೆ ಒಪ್ಪಬೇಕು. ಅನೇಕ ಮನೆಗಳ ಕೆಲವು ಕಿಲೋಗಳು ಒಂದೆಡೆ ಕೂಡಿದಾಗ ಮಾತ್ರ ಅದಕ್ಕೆ ಬೆಲೆಯನ್ನು ಹೇಳುವ ಶಕ್ತಿ ಬಂದಿತು.

ಸ್ವಾತಂತ್ರ್ಯಾನಂತರ ಸರ್ಕಾರದ ನೆರವೂ ಬಂದಿತು. 1953ರಲ್ಲಿ ಅಖಿಲ ಭಾರತ ಖಾದಿ ಮತ್ತು ಗ್ರಾಮೋದ್ಯೋಗ ಮಂಡಲಿಯೂ 1957ರಲ್ಲಿ ಅದೇ ಕ್ಷೇತ್ರದ ಆಯೋಗವೂ ಸ್ಥಾಪಿತವಾಗಿ, ಜೇನುಸಾಕಣೆಯು ಗ್ರಾಮೋದ್ಯೋಗಗಳ ಪಟ್ಟಿಗೆ ಸೇರಿತು. ಪುಣೆಯಲ್ಲಿ 1962ರಲ್ಲಿ ಕೇಂದ್ರ ಸಂಶೋಧನ ಸಂಸ್ಥೆಯು ಏರ್ಪಟ್ಟಿತು. ಈ ನಡುವೆ 1956ರ ನವೆಂಬರ್ 1ರಂದು ಕೊಡಗು ರಾಜ್ಯವು ವಿಶಾಲ ಮೈಸೂರಿನಲ್ಲಿ ಸೇರಿತು.

ಇಂತು ಬೆಳೆದ ಉದ್ಯಮಕ್ಕೆ 1991-92ರಲ್ಲಿ ಒದಗಿದ ಪೆಟ್ಟು ಭೀಕರವಾದುದು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದಲ್ಲಿ ಹಬ್ಬಿ, ತುಡುವೆಯ ಮರಿಗಳು ಗೂಡಿನಲ್ಲಿಯೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಪೆಟ್ಟಿಗೆಗಳ ಬಹುಪಾಲು ಬರಿದಾಯಿತು. ದನಕ್ಕೆ ರೋಗ ಬಂದರೆ ಬೇರೆ ಊರಿನ ಜಾತ್ರೆಯಿಂದ ದನವನ್ನು ತರಬಹುದು. ಬರಿದಾದ ಜೇನುಪೆಟ್ಟಿಗೆಯನ್ನು ತುಂಬುವ ಜಾತ್ರೆ ಎಲ್ಲಿದೆ? ರೋಗವನ್ನು ತಾಳಿ ಉಳಿದ ಕುಟುಂಬಗಳಿಂದಲೇ, ಅವುಗಳಲ್ಲಿಯೂ ಕಾಡಿನ ಪೊಟರೆಗಳಲ್ಲಿ ಮನುಷ್ಯನ ಆರೈಕೆಯಿಲ್ಲದೆ ಬದುಕಿ ಬಂದವುಗಳಿಂದ, ತುಡುವೆಯ ಸಂತತಿಯು ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು. ಪಂಜಾಬಿಗೆ 1962ರಲ್ಲಿ ಬಂದು ನೆಲೆಗೊಂಡ ಪಾಶ್ಚಾತ್ಯ ನೊಣವು ದೇಶದ ಅನೇಕ ಕಡೆ ಹರಡಿದ್ದರೂ, ಹಿತ್ತಿಲಿನ ನಾಲ್ಕಾರು ಪೆಟ್ಟಿಗೆಗಳ ಕಸುಬಿಗೆ ತುಡುವೆಯೇ ಆಧಾರವಾಗಿ ನಿಂತಿತು. ಕಡ ಕೊಟ್ಟ ಕಾಡೇ ಎರಡನೆಯ ಸಲವೂ ಕಡ ಕೊಟ್ಟಿತೆನ್ನಬೇಕು.

ಆದರೆ ಆ ಕಾಡು, ಅದರಲ್ಲಿಯೂ ತೋಟದೊಳಗಿನ ಕಾಡು, ಇಷ್ಟರಲ್ಲಿ ತಾನೇ ಮಾರ್ಪಡುತ್ತಿತ್ತು. ಬಾಣೆಯ ನೆಲವು ರೈತನ ಅನುಭವದಲ್ಲಿದ್ದರೂ, ಬೆಲೆ ತೆತ್ತು ಬಿಡಿಸಿಕೊಳ್ಳದಿದ್ದಲ್ಲಿ ಅದರ ಕಾಡುಮರಗಳ ಮೇಲಿನ ಹಕ್ಕು ಸರ್ಕಾರದ್ದಾಗಿತ್ತು. ತಾನು ಕಡಿದು ಮಾರಲಾಗದ ಮರವನ್ನು ಬೆಳೆಸುವುದರಲ್ಲಿ ರೈತನಿಗೆ ಲಾಭವೇನು? ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವನ್ನಾದರೋ ಬೇಗ ಬೆಳೆಸಬಹುದು, ಮೆಣಸಿನ ಬಳ್ಳಿಯನ್ನು ಅದಕ್ಕೆ ಹಬ್ಬಿಸಬಹುದು, ಬೇಕಾದಾಗ ಕಡಿದು ಮಾರಬಹುದು. ಹೀಗೆ ಮರಗಳನ್ನು ರಕ್ಷಿಸಲೆಂದು ಮಾಡಿದ ಏರ್ಪಾಡೇ ನಾಡಮರಗಳು ಹಿಂಜರಿಯುವುದಕ್ಕೆ ಒಂದು ಕಾರಣವಾಯಿತು. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಅರಳುತ್ತಿದ್ದ ಹೂಗಳ ಸರಣಿಯಲ್ಲಿ ಬಿರುಕುಗಳು ಕಾಣಿಸಿಕೊಂಡವು. ರೋಗದ ಕಥೆಯನ್ನು ಎಲ್ಲರೂ ಬಲ್ಲರು; ಈ ಬಿರುಕಿನ ಕಥೆಯು ಕಂದಾಯದ ಕಡತಗಳಲ್ಲಿ ಅಡಗಿರುವುದರಿಂದ ಅದನ್ನು ಬಲ್ಲವರು ಕಡಿಮೆ.

ಇದೇ ತೋಟಗಳಲ್ಲಿ ಇನ್ನೊಂದು ಕಾಡುಜೀವಿಯೂ ನಡೆದಾಡುತ್ತಿದೆ. ನಾಗರಹೊಳೆಯು 1955ರಲ್ಲಿ ವನ್ಯಧಾಮವಾಗಿ 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2023ರ ಗಣತಿಯು ಕರ್ನಾಟಕದ ಕಾಡಾನೆಗಳ ಸಂಖ್ಯೆಯನ್ನು 6,395 ಎಂದು ಅಂದಾಜು ಮಾಡಿತು. ಗದ್ದೆಯ ಭತ್ತ, ತೋಟದ ಹಲಸು, ಬಾಳೆ, ಕೆರೆಯ ನೀರು ಇವುಗಳಿಂದ ಆಕರ್ಷಿತವಾದ ಆನೆಗಳು ಕಾಫಿಯ ತೋಟಗಳಲ್ಲಿಯೇ ಹಗಲನ್ನು ಕಳೆಯುವುದುಂಟು. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಕಾರರು ಪ್ರಾಣ ಕಳೆದುಕೊಂಡಿದ್ದಾರೆ. ಬೇಲಿಯ ವಿದ್ಯುತ್ತಿಗೆ ಸಿಕ್ಕಿ ಆನೆಗಳೂ ಸತ್ತಿವೆ. ಕಂದಕ, ಸೌರಬೇಲಿ, ರೈಲುಕಂಬಿಯ ತಡೆ ಇವೆಲ್ಲ ಪ್ರಯೋಗಕ್ಕೆ ಬಂದವು.

ಜೇನೂ ಆನೆಯೂ ಇಲ್ಲಿ ಮತ್ತೊಮ್ಮೆ ಒಂದೇ ಪಂಕ್ತಿಗೆ ಬಂದುದು ಗಮನಾರ್ಹವಾಗಿದೆ. ಕೆರಳಿದ ಜೇನಿನ ಸದ್ದನ್ನು ಕೇಳಿದೊಡನೆ ಆಫ್ರಿಕದ ಆನೆಗಳು ಹಿಮ್ಮೆಟ್ಟುತ್ತವೆಂದು ಕೆನ್ಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಆ ಬಳಿಕ ಅಲ್ಲಿ ಹೊಲದ ಸುತ್ತ ಪೆಟ್ಟಿಗೆಗಳನ್ನು ತಂತಿಯಿಂದ ತೂಗಿಬಿಟ್ಟು ಬೇಲಿಯನ್ನಾಗಿ ಬಳಸಿದರು. 2021ರ ಮಾರ್ಚ್ ತಿಂಗಳಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ನಾಗರಹೊಳೆಯ ಅಂಚಿನಲ್ಲಿರುವ ಕೊಡಗಿನ ಗ್ರಾಮಪ್ರದೇಶದಲ್ಲಿ ಇದೇ ಬಗೆಯ ಪ್ರಯೋಗಕ್ಕೆ ಕೈಹಾಕಿತು. ಆನೆಯನ್ನು ನೋಯಿಸದೆ ತಿರುಗಿಸುವ, ಮೇಲಾಗಿ ಮನೆಗೆ ಆದಾಯವನ್ನೂ ತರುವ ಬೇಲಿಯೆಂಬುದು ಆಕರ್ಷಕವಾದ ಯೋಚನೆಯೇ ಸರಿ. ಆದರೂ ಎರಡು ಸಂಗತಿಗಳನ್ನು ಮರೆಯಲಾಗದು. ಆಫ್ರಿಕದ ನೊಣದಷ್ಟು ನಮ್ಮ ತುಡುವೆಯು ಉಗ್ರವಲ್ಲ. ಏಷ್ಯಾದ ಆನೆಗಳ ವಿಷಯದಲ್ಲಿ ಪ್ರಯೋಗಗಳ ಫಲವೂ ಅಷ್ಟು ಏಕರೂಪವಾಗಿಲ್ಲ. ಎರಡನೆಯದಾಗಿ, ನೊಣವಿಲ್ಲದ ಪೆಟ್ಟಿಗೆಯು ಬೇಲಿಯಾಗಲಾರದು. ಹೂವಿಲ್ಲದ ಕಡೆ ನೊಣವು ನಿಲ್ಲದು. ಪೆಟ್ಟಿಗೆಯನ್ನು ಸರ್ಕಾರವು ಹಂಚಬಹುದು. ಅದರೊಳಗೆ ನೆಲಸುವ ಜೀವಿಯನ್ನು ಕರೆತರುವ ಅಧಿಕಾರವಿರುವುದು ನೇರಳೆಗೆ ಮತ್ತು ನಂದಿಗೆ.

ಒಟ್ಟಿನಲ್ಲಿ ನೋಡಿದರೆ, ಕಾಡಿನ ನೆರೆಯ ಚಿಕ್ಕ ಉದ್ಯಮವು ಬದುಕಿದ್ದು ಮನೆಯ ಶ್ರದ್ಧೆ, ಸಂಘದ ಬಲ, ಸುತ್ತಣ ಮರಗಳು ಈ ಮೂರೂ ಕೂಡಿದ್ದ ಕಾಲದಲ್ಲಿ. ಮೂರರಲ್ಲಿ ಒಂದು ಕುಂದಿದಾಗ ಕಾಡಿನೊಡನೆ ಬಾಳುವ ವೆಚ್ಚವೆಲ್ಲ ಒಂಟಿ ಕುಟುಂಬದ ತಲೆಯ ಮೇಲೆ ಬಿದ್ದಿತು. 2006ರ ಅರಣ್ಯ ಹಕ್ಕು ಕಾಯಿದೆಯು ಜೇನನ್ನೂ ಮೇಣವನ್ನೂ ಒಳಗೊಂಡ ಕಿರು ಅರಣ್ಯೋತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ಮಾನ್ಯಮಾಡಿತು; ಜೇನುಕುರುಬರಿಂದ ಕಾನೂನಿನ ಮಾತಿನಲ್ಲಿ ಕಿತ್ತುಕೊಂಡುದು ಕಾನೂನಿನ ಮಾತಿನಲ್ಲಿಯಾದರೂ ಹಿಂದಿರುಗಿತು. ಕಾಡಿಗೂ ಮನೆಗೂ ನಡುವೆ ನಿಂತಿರುವ ಮರದ ಪ್ರಶ್ನೆಯು ಇನ್ನೂ ತೀರಬೇಕಾಗಿದೆ. ಅದು ತೀರುವವರೆಗೆ ಹಂಚಿದ ಪೆಟ್ಟಿಗೆಗಳ ಎಣಿಕೆಯಿಂದ ಜೇನುಸಾಕಣೆಯ ಪ್ರಗತಿಯನ್ನು ಅಳೆಯುವುದು ಸರಿಯಲ್ಲ.

ಕೊಡಗಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ದಿಸೆಯಲ್ಲಿ ಮಾಡಬಹುದಾದ ಕೆಲಸವು ಬಹಳವಿದೆ. ಸಹಕಾರ ಸಂಘಗಳ ಹಳೆಯ ಲೆಕ್ಕದ ಪುಸ್ತಕಗಳು, ಬಾಣೆಯ ಮರಗಳ ಕಡತಗಳು, ಯಾವ ತಿಂಗಳಲ್ಲಿ ಯಾವ ಮರ ಹೂ ಬಿಡುತ್ತಿತ್ತೆಂಬ ಹಿರಿಯರ ನೆನಪು ಇವು ಮೂರನ್ನೂ ಒಟ್ಟಿಗಿಟ್ಟು ಓದಿದರೆ, ರಾಜಕೀಯ ಇತಿಹಾಸವು ಹೇಳದ ಒಂದು ಅಧ್ಯಾಯವು ತೆರೆಯುತ್ತದೆ. ಪುಸ್ತಕಗಳೂ ಕಡತಗಳೂ ಇನ್ನು ಕೆಲವು ಕಾಲ ಕಾಯಬಲ್ಲವು. ಮೂರನೆಯ ಆಕರಕ್ಕೆ ಅಷ್ಟು ಕಾಲಾವಕಾಶವಿಲ್ಲ. ಆದಕಾರಣ ಕೆಲಸವನ್ನು ಅಲ್ಲಿಂದಲೇ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.